ಡಚ್ಚರ ಪುರುಸೊತ್ತು, ನಮ್ಮ ಬೇವಿನ ಸೊಪ್ಪು

ನನಗೆ ಡಚ್ ಭಾಷೆ ಬರುತ್ತದೆ ಎಂದು ಇಂದಿಗೂ ನಂಬಿರುವ ನಾಲ್ಕಾರು ಜನ ಹಾಸನದಲ್ಲಿದ್ದಾರೆ. ಅವರಲ್ಲಿ ನಾನು ಸೇರಿಲ್ಲ. ನನಗೆ ಬರುವುದು ವೇಳೆ ಗೊತ್ತುಮಾಡಿಕೊಳ್ಳುವ ಒಂದಿಷ್ಟು ಮಾತು ಮಾತ್ರ: ಯಾವಾಗ ಬರಲಿ, ನಿಮಗೆ ಅನುಕೂಲವೇ, ನಾಳೆಯೋ ನಾಡಿದ್ದೋ, ಎಷ್ಟು ಗಂಟೆಗೆ. ನನ್ನನ್ನು ಒಯ್ದು ಆ ದೇಶದ ನಡುಬೀದಿಯಲ್ಲಿ ಬಿಟ್ಟರೆ ಅನ್ನ ಕೇಳಲು ಬಾರದು, ನೀರು ಕೇಳಲು ಬಾರದು, ದಾರಿ ಕೇಳಲೂ ಬಾರದು. ಉಪವಾಸ ಸಾಯುತ್ತೇನೆ. ಆದರೆ ಎಲ್ಲರ ಅನುಕೂಲ ವಿಚಾರಿಸಿಕೊಂಡು, ಹೊತ್ತಿಗೆ ಸರಿಯಾಗಿ ಸಾಯುತ್ತೇನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಂಗ್ಲಿಷ್ ಎಂ.ಎ. ಮಾಡಿಕೊಂಡು ಎಲ್ಲೂ ಉಪನ್ಯಾಸಕನಾಗದೆ, ಹಾಸನದ ಹೊರಗಿನ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ಪತ್ರ ಬರೆಯುವ ಕೆಲಸಕ್ಕೆ ಸೇರಿದ್ದೆ. ಮಿಡಿಸೌತೆಯೆಂದರೆ ಕಿರುಬೆರಳಿನಷ್ಟಿರುವ ಸೌತೆಕಾಯಿ. ನಮ್ಮ ಕಡೆ ಯಾರೂ ಅದನ್ನು ತಿನ್ನುವುದಿಲ್ಲ. ರೈತರು ಬೆಳೆದು ತಂದದ್ದನ್ನು ಉಪ್ಪುನೀರಿನ ಡ್ರಮ್ಮುಗಳಲ್ಲಿ ಮುಳುಗಿಸಿ ಪರದೇಶಕ್ಕೆ ಹಡಗು ಹತ್ತಿಸುವುದು ನಮ್ಮ ಕಸುಬು. ಆ ಬಳ್ಳಿಯಲ್ಲಿ ಕಾಯಿ ಒಂದು ದಿನ ತಡೆದರೂ ಬೆರಳು ಹೋಗಿ ಮುಷ್ಟಿಯಾಗುತ್ತದೆ, ಮುಷ್ಟಿಯಾದದ್ದು ಹಸುವಿಗೆ. ಹೀಗೆ ಹೊತ್ತು ಮೀರಿದರೆ ಕೆಟ್ಟುಹೋಗುವ ವ್ಯಾಪಾರದಲ್ಲಿ ಹೊತ್ತಿನ ಗೊಡವೆಯೇ ಇಲ್ಲದ ನಾವೆಲ್ಲ ಕೂಡಿದ್ದೆವು.

ಕಾರ್ಖಾನೆಯ ಮಾಲೀಕರು ಕಟ್ಟಾಯದ ಕಡೆಯ ದೊಡ್ಡ ಹಿಡುವಳಿಯ ಮನೆಯವರು. ನಾನು ಒಂದು ದಿನವೂ ಪಾಠ ಹೇಳಿದವನಲ್ಲ. ಆದರೂ ಎಂ.ಎ. ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದರು. ಕಾಯಿ ಕೊಳ್ಳುವ ಡಚ್ ವರ್ತಕರ ಕಡೆಯಿಂದ ಪರೀಕ್ಷೆಗೆಂದು ಒಬ್ಬರು ಬಂದರು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಲೇಬೇಕಾದಷ್ಟು ಉದ್ದದ ಮನುಷ್ಯ. ಅವರನ್ನು ಕಾರಿನಲ್ಲಿ ಹೊಲಗಳಿಗೆ ಕರೆದೊಯ್ದು, ಅವರ ಇಂಗ್ಲಿಷನ್ನು ಕನ್ನಡಕ್ಕೂ ರೈತರ ಕನ್ನಡವನ್ನು ಇಂಗ್ಲಿಷಿಗೂ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲ ದಿನವೇ ಕಟ್ಟಾಯದ ಹತ್ತಿರದ ಒಂದು ಹೊಲದಲ್ಲಿ ಅವರು ಕಾಯಿ ಬಿಡಿಸುವುದನ್ನು ನೋಡಬೇಕು, ಯಾವಾಗ ಬರಲಿ ಎಂದು ಕೇಳಿದರು. ಹೊಲದ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕಳು.

“ಯಾವಾಗ್ ಬೇಕಾದ್ರೂ ಬನ್ನಿ ಸಾ. ನಾವೆಲ್ಲಿಗೆ ಓಯ್ತೀವಿ, ಇಲ್ಲೇ ಇರ್ತೀವಿ.”

ನಾನು ಅನುವಾದಿಸಿದೆ. ಅತಿಥಿ ಪೆನ್ನು ಹಿಡಿದು ನಿಂತರು. ಯಾವಾಗ ಬೇಕಾದರೂ ಎಂದರೆ ಎಷ್ಟು ಗಂಟೆಗೆ?

“ಬೆಳಿಗ್ಗೆ ಬರ್ಲಿ ಬುಡಿ.”

ಬೆಳಿಗ್ಗೆ ಎಂದರೆ?

“ಬಿಸ್ಲು ಏರಾಕ್ ಮುಂಚೆ.”

ಬಿಸಿಲು ಎಷ್ಟು ಗಂಟೆಗೆ ಏರುತ್ತದೆ?

ಆಕೆ ನನ್ನ ಮುಖ ನೋಡಿದಳು. “ಈ ಸಾಹೇಬ್ರೂರಲ್ಲಿ ಬಿಸ್ಲೇ ಬರಾಕಿಲ್ವಾ ಸಾ? ಅವ್ರ ಪುರುಸೊತ್ತು ನೋಡ್ಕಂಡು ಬರಾಕೆ ಯೋಳಿ. ಅದ್ಕೆಲ್ಲ ಗಂಟೆ ಯಾಕೆ?”

ಪುರುಸೊತ್ತನ್ನು ಇಂಗ್ಲಿಷಿಗೆ ಮಾಡಲು ಹೋಗಿ ನಾನು ಸೋತೆ. ಅತಿಥಿ ಜೇಬಿನ ಕಪ್ಪು ಡೈರಿ ತೆರೆದು, ಏನೂ ಬರೆಯದೆ ಮುಚ್ಚಿದರು. ಅವರ ಮುಖ ನೋಡಿದರೆ ಸ್ವಂತದವರನ್ನೇ ಕಳೆದುಕೊಂಡವರ ಹಾಗಿತ್ತು.

ಅದೇ ಸಂಜೆ ಮಾಲೀಕರು ನನ್ನನ್ನು ಕರೆದರು. “ಮೇಷ್ಟ್ರೇ, ಅವ್ನ ಬಾಸೇಲಿ ನಾಕ್ ಮಾತು ಕಲ್ತ್‌ಬುಡಿ. ಮುಂದ್ಲ ಸಲ ಬಂದಾಗ ಅವ್ನ ಒಟ್ಟೆ ತಣ್ಗಾಗ್ಬೇಕು.”

“ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಲ್ಲ ಸಾರ್.”

“ಬರ್ಲಿ ಕಣ್ರೀ. ಬೊಂಬಾಯಿಗೋದಾಗ ನಂಗೂ ಇಂದಿ ಬತ್ತದೆ. ಅಂಗಂತ ಅಲ್ಲೊಬ್ಬ ‘ಏನಣ್ಣ ಚೆನ್ನಾಗಿದ್ದೀಯಾ’ ಅಂದ್ರೆ ಖುಷಿ ಆಗಾಕಿಲ್ವಾ?”

“ಆಗಲಿ ಸಾರ್,” ಎಂದೆ. ಯಾರು ಏನು ಹೇಳಿದರೂ ‘ಆಗಲಿ’ ಎಂದು ಬಂದು, ಆಮೇಲೆ ಆಗದಿದ್ದರೆ ಏನು ಗತಿ ಎಂದು ಕೂತು ಕೊರಗುವುದು ನನ್ನ ಮೈಗೆ ಒಗ್ಗಿದ ವ್ಯಾಯಾಮ.

ಅತಿಥಿಯನ್ನೇ ಕೇಳಿದೆ, ನಿಮ್ಮ ಭಾಷೆ ಕಲಿಸಿ ಎಂದು. ನಮಸ್ಕಾರ, ಕ್ಷೇಮವೇ ಎಂದು ಶುರು ಮಾಡುತ್ತಾರೆಂದುಕೊಂಡಿದ್ದೆ. ಅವರು ನೇರವಾಗಿ ವೇಳೆಗೇ ಕೈ ಹಾಕಿದರು. ನಿಮ್ಮೂರಿಗೆ ಮೊದಲು ಬೇಕಾದದ್ದು ಇದು ಎಂದರು. ‘ಆಫ್‌ಸ್ಪ್ರಾಕ್’ ಎಂದರೆ ಇಬ್ಬರು ಸೇರಿ ಗೊತ್ತುಮಾಡಿಕೊಂಡ ಹೊತ್ತು. ‘ಹೂ ಲಾತ್?’ ಎಂದರೆ ಎಷ್ಟು ಗಂಟೆಗೆ. ‘ಕೊಮ್ತ್ ಹೆತ್ ಔಯ್ತ್?’ ಎಂದರೆ ನಿಮಗೆ ಅನುಕೂಲವೇ. ‘ಖೇನ್ ಪ್ರೊಬ್ಲೇಮ್’ ಎಂದರೆ ಏನೂ ತೊಂದರೆಯಿಲ್ಲ. ಅವರ ಗಂಟಲಿನ ಆ ‘ಖ’ ಹೊರಡಿಸಲು ನಾನು ಪಟ್ಟ ಪಾಡಿಗೆ ಪಕ್ಕದ ಕೋಣೆಯಿಂದ ಒಬ್ಬರು ನೀರು ತಂದುಕೊಟ್ಟರು.

ಕೊನೆಗೆ ಒಂದು ವಾಕ್ಯ ಹೇಳಿಕೊಟ್ಟರು: ‘ಹೆತ್ ಕೊಮ್ತ್ ಮೆ ನೀತ್ ಔಯ್ತ್.’ ನನಗೆ ಈಗ ಅನುಕೂಲವಿಲ್ಲ, ಎಂದು ಅರ್ಥ.

“ಇದನ್ನು ಯಾವಾಗ ಹೇಳಬೇಕು?” ಎಂದೆ.

“ಅನುಕೂಲವಿಲ್ಲದಾಗ,” ಎಂದರು.

“ಹೇಳಿದರೆ ಎದುರಿನವರು ಬೇಜಾರು ಮಾಡಿಕೊಳ್ಳುವುದಿಲ್ಲವೆ?”

“ಯಾಕೆ?” ಎಂದರು. ಆ ಯಾಕೆ ಎಂಬುದಕ್ಕೆ ಉತ್ತರ ಕೊಡಲು ಅವರನ್ನು ಹೊಳೆನರಸೀಪುರಕ್ಕೆ, ನನ್ನ ಅಪ್ಪನ ಮನೆಗೆ ಕರೆದೊಯ್ಯಬೇಕಾಗಿತ್ತು.

ಅಪ್ಪ ಅಲ್ಲಿ ಪುರೋಹಿತರು. ಊರಿನ ಮದುವೆ, ನಾಮಕರಣ, ಗೃಹಪ್ರವೇಶಕ್ಕೆಲ್ಲ ಗಳಿಗೆ ಇಟ್ಟುಕೊಡುವವರು. ಊರವರ ಹೊತ್ತನ್ನೆಲ್ಲ ಅಳೆದು ಕೊಡುತ್ತಿದ್ದವರ ಸ್ವಂತ ಮನೆಗೆ ಹೊತ್ತುಗೊತ್ತು ಇರಲಿಲ್ಲ. ಊಟಕ್ಕೆ ಎಲೆ ಹಾಕಿದ ಮೇಲೆ ಯಾರಾದರೂ ಬರುತ್ತಿದ್ದರು. ಅಮ್ಮ ಒಳಗೆ ಸಾರಿಗೆ ನೀರು ಬೆರೆಸುತ್ತ, “ಬನ್ನಿ ಬನ್ನಿ, ಸರಿಯಾದ ಹೊತ್ತಿಗೇ ಬಂದ್ರಿ” ಎನ್ನುತ್ತಿದ್ದಳು. ಬರಬಾರದ ಹೊತ್ತೆಂಬುದು ನಮ್ಮ ಮನೆಯಲ್ಲಿ ರಾಹುವಿಗೆ ಮಾತ್ರ ಇತ್ತು, ಮನುಷ್ಯರಿಗೆ ಇರಲಿಲ್ಲ. ಅಲ್ಲಿ ಬೆಳೆದವನಿಗೆ ‘ಅನುಕೂಲವಿಲ್ಲ’ ಎನ್ನುವುದು ಡಚ್ಚಿನಲ್ಲಷ್ಟೇ ಅಲ್ಲ, ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಅತಿಥಿ ಊರಿಗೆ ಹೊರಡುವ ಮುಂಚೆ ಈ ಮಾತುಗಳನ್ನೆಲ್ಲ ಒಂದು ಕ್ಯಾಸೆಟ್ಟಿನಲ್ಲಿ ಹೇಳಿ ಕೊಟ್ಟರು. ಖಾಲಿಯೆಂದು ನಾನು ಒಯ್ದ ಕ್ಯಾಸೆಟ್ಟು ನನ್ನ ಹೆಂಡತಿಯ ದೇವರನಾಮಗಳದ್ದು. ಅದರ ಎರಡನೆಯ ಬದಿಯಲ್ಲಿ ಒಂದು ಹಾಡಿನ ಅರ್ಧಕ್ಕೆ, ‘ಪಾಲಿಸೋ’ ಎಂಬಲ್ಲಿ, ದೇವರ ಬದಲು ಆ ಉದ್ದನೆಯ ಮನುಷ್ಯ ಎದ್ದು ನಿಂತು ‘ಕೊಮ್ತ್ ಹೆತ್ ಔಯ್ತ್?’ ಎಂದು ಕೇಳುತ್ತಿದ್ದ. ಹೆಂಡತಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಆಮೇಲೆ ಬೇರೆ ದಾರಿಯಿಲ್ಲದೆ, ಬೆಳಗಿನ ಅಡುಗೆಯ ಹೊತ್ತಿಗೆ ಅದನ್ನೇ ಹಾಕಿಕೊಂಡು ಅರ್ಧ ಭಕ್ತಿ, ಅರ್ಧ ಡಚ್ಚು ಕೇಳತೊಡಗಿದಳು.

ನಾನು ಮಾತುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ವಾರದ ರಾಹುಕಾಲದ ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ತಿಂಗಳು ಮುಗಿದು ಹಾಳೆ ಹರಿದಾಗ ನನ್ನ ಡಚ್ಚಿನ ಬಹುಪಾಲು ಹಾಲಿನವನ ಲೆಕ್ಕದ ಜೊತೆಗೇ ಹೊರಟುಹೋಯಿತು.

ಮರುವರ್ಷ ಅತಿಥಿ ಮತ್ತೆ ಬಂದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಡಚ್ಚಿಗಿಂತ ದೊಡ್ಡ ವಿಷಯವೊಂದು ಬಂದು ಕೂತಿತ್ತು.

ನನ್ನ ಹೆಂಡತಿ ಅರಕಲಗೂಡಿನವಳು, ಬಿ.ಎಸ್‌ಸಿ., ಬಿ.ಎಡ್. ಮದುವೆಯಾದಾಗಿನಿಂದ ಹಾಸನದ ಒಂದು ಖಾಸಗಿ ಶಾಲೆಯಲ್ಲಿ, ಯಾವತ್ತು ಬೇಡ ಎನ್ನುತ್ತಾರೋ ಗೊತ್ತಿಲ್ಲದ ಕೆಲಸದಲ್ಲಿದ್ದಳು. ಚನ್ನರಾಯಪಟ್ಟಣದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಒಂದು ಕಾಯಂ ಜಾಗ ಖಾಲಿಯಾಗಿ, ಅವಳಿಗೆ ಸಂದರ್ಶನದ ಕರೆ ಬಂತು. ಅವಳ ವಯಸ್ಸು ಇನ್ನು ಕೆಲವೇ ತಿಂಗಳಲ್ಲಿ ಮಿತಿ ದಾಟುವುದರಲ್ಲಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ನಿದ್ದೆ ಮಾಡುತ್ತಿದ್ದಳು. ಅವಳ ಪಾಲಿನ ದಿಗಿಲನ್ನೂ ನಾನೇ ಪಡುತ್ತಿದ್ದೆ.

ಸಂದರ್ಶನ ಸೋಮವಾರ ಹನ್ನೊಂದು ಗಂಟೆಗೆ. ಅದೇ ಸೋಮವಾರ ಬೆಳಿಗ್ಗೆ ಅತಿಥಿಯನ್ನು ಕಟ್ಟಾಯದ ಹೊಲಗಳಿಗೆ ಕರೆದೊಯ್ಯಬೇಕೆಂದು ನನಗೆ ಅಪ್ಪಣೆಯಾಗಿತ್ತು. ಎರಡಕ್ಕೂ ನಾನು ‘ಆಗಲಿ’ ಎಂದಿದ್ದೆ. ಅಲ್ಲಿಯವರೆಗೆ ತೊಡಕೇನೂ ಇರಲಿಲ್ಲ. ಶುಕ್ರವಾರ ಐದು ವರ್ಷದ ಮಗಳಿಗೆ ಮೈತುಂಬ ಗುಳ್ಳೆ ಎದ್ದವು. ಡಾಕ್ಟರು ಚಿಕನ್‌ಪಾಕ್ಸ್ ಎಂದರು. ಎದುರುಮನೆಯ ಅಜ್ಜಿ ದೂರದಿಂದಲೇ ಕೈಮುಗಿದು, “ಅಮ್ಮ ಬಂದವ್ಳೆ” ಎಂದು ಹೇಳಿ, ಒಂದು ಕಟ್ಟು ಬೇವಿನ ಸೊಪ್ಪನ್ನು ಕಾಂಪೌಂಡಿನ ಮೇಲಿಟ್ಟು ಹೋದರು.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಅಷ್ಟೇ, ಬೀದಿ ಖಾಲಿ. ಹಾಲಿನವನು ಗೇಟಿನ ಬಳಿಯೇ ಸುರಿದು ಹೋದ. ಪೇಪರಿನ ತಿಂಗಳ ಹಣಕ್ಕೆ ಬಂದವನು ಹಿಂದಕ್ಕೆ ತಿರುಗಿದ. ಯಾವ ಹೊತ್ತಿಗೂ ಬಂದು ಕೂರುತ್ತಿದ್ದ ನನ್ನ ದೊಡ್ಡಪ್ಪನ ಮಗ ಬೀದಿ ತಿರುವಿನಲ್ಲೇ ಸೊಪ್ಪು ಕಂಡು ಸೈಕಲ್ ತಿರುಗಿಸಿದ. ಮನೆಯಲ್ಲಿ ಒಗ್ಗರಣೆ ನಿಂತಿತು, ಕರಿಯುವುದು ನಿಂತಿತು, ಬಂದುಹೋಗುವವರು ನಿಂತರು. ಅತ್ತೆಯವರನ್ನು ಕರೆಸೋಣವೆಂದರೆ ಅವರು ನಾದಿನಿಯ ಬಾಣಂತನಕ್ಕೆಂದು ಹೋಗಿದ್ದರು. ಹಸಿ ಬಾಣಂತಿಯ ಮನೆಯಿಂದ ಇಲ್ಲಿಗೆ ಬರುವಂತೆಯೇ ಇಲ್ಲ. ಹೊಳೆನರಸೀಪುರದಿಂದ ನನ್ನ ತಾಯಿ ಬಂದು ಹೋದರೆ ಅಪ್ಪನ ಪೌರೋಹಿತ್ಯಕ್ಕೇ ಮೈಲಿಗೆ. ಹೀಗಾಗಿ ಸೋಮವಾರ ಮಗುವಿನ ಹತ್ತಿರ ಇರಬೇಕಾದವನು ನಾನೊಬ್ಬನೇ.

“ಒಂದು ದಿನ ರಜ ಕೇಳೋಕ್ಕೆ ನಿಮಗೆ ಬಾಯಿ ಬರಲ್ವಾ?” ಎಂದಳು ಹೆಂಡತಿ.

“ಕೇಳ್ತೀನಿ. ಆದರೆ ಮಾಲೀಕರು ಏನಂದುಕೋತಾರೋ. ನಿನಗೆ ಚನ್ನರಾಯಪಟ್ಟಣದಲ್ಲಿ ಕೆಲಸ ಅಂದ್ರೆ ನಾನೂ ಬಿಟ್ಟು ಹೋಗ್ತೀನಿ ಅಂದುಕೊಂಡು ಬೇರೆಯವರನ್ನ ಹುಡುಕಿದರೆ? ಆಮೇಲೆ ನಿನಗೂ ಕೆಲಸ ಸಿಗದೇ ಹೋದರೆ?”

“ನನಗೆ ಸಿಗಲ್ಲ ಅಂತ ಈಗಲೇ ತೀರ್ಮಾನ ಮಾಡಿಬಿಟ್ರಾ?”

“ಹಂಗಲ್ಲ...”

“ಮಾಲೀಕರನ್ನ ಬಿಡಿ. ನಿಮ್ಮ ಡಚ್ಚಿನವರಿಗೆ ಹೇಳಿ. ದಿನಾ ಬೆಳಿಗ್ಗೆ ಅವರೇ ಕ್ಯಾಸೆಟ್ಟಲ್ಲಿ ಅನುಕೂಲನಾ, ಅನುಕೂಲನಾ ಅಂತ ಬಡ್ಕೋತಾರಲ್ಲ. ಒಂದ್ ಸಲ ಉತ್ತರ ಕೊಡಿ.”

ಶನಿವಾರ ಮಧ್ಯಾಹ್ನ ಎಸ್.ಟಿ.ಡಿ. ಬೂತಿಗೆ ಹೋದೆ. ಅತಿಥಿ ಇದ್ದದ್ದು ಹಾಸನದಲ್ಲೇ ಒಂದು ಹೋಟೆಲಿನಲ್ಲಿ, ನಡೆದು ಹೋಗುವ ದೂರ. ಆದರೆ ಮುಖ ನೋಡಿಕೊಂಡು ಅನುಕೂಲವಿಲ್ಲ ಎನ್ನುವ ಧೈರ್ಯ ಇರಲಿಲ್ಲ. ಬೆನ್ನ ಹಿಂದೆ ಸಾಲು ನಿಂತಿತ್ತು. ಕಣ್ಣು ಮುಚ್ಚಿ, ದಮ್ಮು ಕಟ್ಟಿ, ಕೂಗಿದೆ: “ಹೆತ್ ಕೊಮ್ತ್ ಮೆ ನೀತ್ ಔಯ್ತ್!” ಆಮೇಲೆ ಇಂಗ್ಲಿಷಿನಲ್ಲಿ, ಸೋಮವಾರ ಆಗುವುದಿಲ್ಲ ಎಂದು ಪಿಸುಗುಟ್ಟಿದೆ.

“ಓ, ಖೇನ್ ಪ್ರೊಬ್ಲೇಮ್. ಗುರುವಾರ?” ಎಂದರು ಆ ಕಡೆಯಿಂದ.

“ಗುರುವಾರ,” ಎಂದೆ. ಅವರು ಫೋನ್ ಇಟ್ಟರು. ಅಷ್ಟೇ. ಒಂದು ವರ್ಷ ಕಲಿತ ವಾಕ್ಯ ಒಂದು ಉಸಿರಿನಲ್ಲಿ ಮುಗಿದುಹೋಯಿತು.

ಹಿಂದೆ ನಿಂತವನು ಕೇಳಿದ, “ಯಾವ್ ಬಾಸೆ ಸಾ ಅದು? ಮಲಯಾಳನಾ?”

ಬೇರೆಯವರಾಗಿದ್ದರೆ ಅಲ್ಲಿಗೆ ನೆಮ್ಮದಿಯಾಗಿ ಇರುತ್ತಿದ್ದರು. ನನಗೆ ಅಲ್ಲಿಂದಲೇ ಶುರುವಾಯಿತು. ಯಾಕೆ ಎಂದು ಕೇಳಲಿಲ್ಲವಲ್ಲ? ಅಯ್ಯೋ ಹಾಗಾ, ಏನಾಯ್ತು ಎನ್ನಲಿಲ್ಲವಲ್ಲ? ನಮ್ಮಲ್ಲಿ ಯಾರಾದರೂ ‘ಪರವಾಗಿಲ್ಲ ಬಿಡಿ’ ಎಂದರೆ ಪರವಾ ಇದೆ ಎಂದೇ ಅರ್ಥ. ಒಂದೇ ಸಲಕ್ಕೆ, ಇಷ್ಟು ಬೇಗ ಪರವಾಗಿಲ್ಲ ಎಂದವರ ಮನಸ್ಸು ಎಷ್ಟು ನೊಂದಿರಬೇಕು! ಅವರು ಮಾಲೀಕರಿಗೆ ಹೇಳಿದರೆ? ಕಾಯಿ ಬೇರೆ ಜಿಲ್ಲೆಯಿಂದ ಕೊಂಡರೆ? ಕಟ್ಟಾಯದ ಬಳ್ಳಿಗಳಲ್ಲಿ ಸೌತೆಯೆಲ್ಲ ಮುಷ್ಟಿಗಾತ್ರವಾಗಿ ತೂಗಾಡುವುದು ಕಣ್ಣಿಗೆ ಕಟ್ಟಿತು.

ಭಾನುವಾರ ಸಂಜೆ ತಡೆಯಲಾಗದೆ, ಬೇಕರಿಯಿಂದ ಒಂದು ಡಬ್ಬಿ ಮೈಸೂರುಪಾಕು ಕಟ್ಟಿಸಿಕೊಂಡು ಹೋಟೆಲಿಗೇ ಹೋದೆ. ಅತಿಥಿ ಡಬ್ಬಿ ನೋಡಿ, ಇವತ್ತೇನು ಹಬ್ಬವೇ ಎಂದರು. ತಪ್ಪು ತಿಳಿಯಬೇಡಿ, ಮಗುವಿಗೆ ಹೀಗಾಗಿದೆ, ಇಲ್ಲದಿದ್ದರೆ ನನ್ನ ಮನೆ ನಿಮ್ಮ ಮನೆಯೇ, ಯಾವಾಗ ಬೇಕಾದರೂ ಬರಬಹುದು, ಎಂದು ಉಪಚಾರದ ಮಾತನ್ನೆಲ್ಲ ಒಂದೇ ಸಮನೆ ಸುರಿದೆ. ಅದಕ್ಕೆ ಅವರು ‘ಅಯ್ಯೋ ಇರಲಿ, ಇನ್ನೊಂದು ಸಲ ಬಂದರಾಯಿತು’ ಎನ್ನಬೇಕಿತ್ತು. ನಮ್ಮ ಕಡೆಯ ಯಾರಾದರೂ ಹಾಗೇ ಅನ್ನುತ್ತಿದ್ದರು. ಅವರು ಡೈರಿ ತೆರೆದರು.

“ಚಿಕನ್‌ಪಾಕ್ಸ್ ನನಗೆ ಚಿಕ್ಕಂದಿನಲ್ಲೇ ಆಗಿದೆ. ನಾಳೆ ನನಗೆ ಹೇಗೂ ಖಾಲಿ. ನಿಮ್ಮ ಮನೆಗೆ ಬಂದು ಹೊಲಗಳ ನಕ್ಷೆ ನೋಡಬಹುದು. ನಿಮಗೆ ನಿಜವಾಗಿ ಅನುಕೂಲವೇ?”

ನಿಜವಾಗಿ ಎಂದು ಒತ್ತಿ ಕೇಳಿದರು. ನಾನು, “ಖೇನ್ ಪ್ರೊಬ್ಲೇಮ್,” ಎಂದೆ.

“ಹೂ ಲಾತ್?”

ಇಲ್ಲಿ ನನ್ನೊಳಗಿನ ಪುರೋಹಿತರ ಮಗ ಎಚ್ಚರಗೊಂಡ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ನಕ್ಷೆ ಹರಡಿ ಕೂರುವ ಶುಭಕಾರ್ಯ ಅದರೊಳಗೆ ಬೇಡ. “ಒಂಬತ್ತಕ್ಕೆ,” ಎಂದೆ. ಅವರು ಬರೆದುಕೊಂಡರು.

ಮನೆಗೆ ಬಂದು ಹೆಂಡತಿಗೆ ಈ ವಿಷಯ ತಿಳಿಸಲಿಲ್ಲ. ಅವಳು ಏಳು ಗಂಟೆಯ ಬಸ್ಸಿಗೆ ಹೊರಡುವವಳು, ಅತಿಥಿ ಬರುವ ಹೊತ್ತಿಗೆ ಚನ್ನರಾಯಪಟ್ಟಣದಲ್ಲಿರುತ್ತಾಳೆ, ಇಬ್ಬರಿಗೂ ಮುಖಾಮುಖಿಯೇ ಇಲ್ಲ ಎಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಬೆಳಿಗ್ಗೆ ಮಗುವಿಗೆ ಜ್ವರ ಏರಿತ್ತು. ತಾಯಿಯ ಕತ್ತು ತಬ್ಬಿದ್ದ ಅವಳ ಕೈ ಬಿಡಿಸುವಷ್ಟರಲ್ಲಿ ಏಳೂಕಾಲಾಯಿತು. ಹೆಂಡತಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಸರ್ಟಿಫಿಕೇಟುಗಳ ಫೈಲು ಹಿಡಿದು ಹೊರಡುವಾಗ ಏಳೂವರೆ ಹೊಡೆಯಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಈಗ ಬೇಡ. ರಾಹುಕಾಲ ಶುರುವಾಯ್ತು. ಒಂಬತ್ತಕ್ಕೆ ಹೊರಡು.”

“ಮನೇಲಿ ಅಮ್ಮ ಇರೋವಾಗ ಹೊರಡೋದೇ ತಪ್ಪು ಅಂತ ನಿಮ್ಮಪ್ಪ ಹೇಳಿಕಳಿಸಿದರು. ಅದನ್ನೇ ಕೇಳಲಿಲ್ಲ ನಾನು. ಅಮ್ಮನೂ ಹೆಂಗಸೇ ತಾನೆ, ಅವಳಿಗೆ ಅರ್ಥ ಆಗುತ್ತೆ. ಇನ್ನು ನಿಮ್ಮ ರಾಹು ಒಬ್ಬ ಉಳಿದಿದ್ನಾ?”

“ಇದೊಂದೇ ಸಲ. ಜೀವನದ ಪ್ರಶ್ನೆ.”

“ಅದಕ್ಕೇ ಬೇಗ ಹೋಗಬೇಕು ಅಂತಿರೋದು.”

ಆದರೆ ನನ್ನ ಮುಖದಲ್ಲಿ ಅದೇನು ಕಂಡಿತೋ, ಹಣೆ ಚಚ್ಚಿಕೊಂಡು ಒಳಗೆ ಹೋಗಿ ಮಗುವಿಗೆ ಗಂಜಿ ಕುಡಿಸಿದಳು. ಒಂಬತ್ತಕ್ಕೆ ಹೊರಟರೂ ಒಂಬತ್ತೂಕಾಲಿನ ಬಸ್ಸು ಸಿಕ್ಕರೆ ಹತ್ತೂವರೆಗೆ ತಲುಪಬಹುದು ಎಂದು ಲೆಕ್ಕ ಹಾಕಿದಳು. ನಾನೂ ತಲೆಯಾಡಿಸಿದೆ. ಅತಿಥಿಗೆ ಕೊಟ್ಟ ಹೊತ್ತೂ ಅದೇ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ರಾಹುವನ್ನು ತಪ್ಪಿಸುವ ಭರದಲ್ಲಿ ಇಬ್ಬರನ್ನೂ ಒಂದೇ ಬಾಗಿಲಿಗೆ, ಒಂದೇ ನಿಮಿಷಕ್ಕೆ ತಂದು ನಿಲ್ಲಿಸಿದ್ದೆ.

ರೇಡಿಯೋದಲ್ಲಿ ಒಂಬತ್ತರ ಸದ್ದು ಕೇಳಿತು. ಹೆಂಡತಿ ಚಪ್ಪಲಿಗೆ ಕಾಲು ತೂರಿಸಿದಳು. ಗೇಟಿನ ಮುಂದೆ ಕಾರ್ಖಾನೆಯ ಕಾರು ನಿಂತಿತು. ಇಡೀ ಬೀದಿ ಮೂರು ದಿನದಿಂದ ಯಾವ ಸೊಪ್ಪನ್ನು ಕಂಡು ಹಿಂದಕ್ಕೆ ಹೋಗುತ್ತಿತ್ತೋ, ಅದರ ಕೆಳಗೆ ಅತಿಥಿ ಬೆನ್ನು ಬಗ್ಗಿಸಿ, ತಲೆಗೆ ನಾಲ್ಕು ಎಲೆ ಸಿಕ್ಕಿಸಿಕೊಂಡು, ನಗುನಗುತ್ತ ಒಳಗೆ ಬಂದರು. ತಮ್ಮನ್ನು ಸ್ವಾಗತಿಸಲೆಂದೇ ತೋರಣ ಕಟ್ಟಿದ್ದೇವೆಂದು ತಿಳಿದು ಥ್ಯಾಂಕ್ಸ್ ಬೇರೆ ಹೇಳಿದರು.

ಹೆಂಡತಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಮನೆಗೆ ಮೊದಲ ಸಲ ಬಂದ ಪರದೇಶದವರು. ಒಂದು ಲೋಟ ಕಾಫಿಯೂ ಕೊಡದೆ ಮನೆಯೊಡತಿ ಎದ್ದುಹೋದರೆ ಏನು ಮರ್ಯಾದೆ! ಹೊಳೆನರಸೀಪುರದ ಅಡುಗೆಮನೆಯಲ್ಲಿ ಅಮ್ಮ ಸಾರಿಗೆ ನೀರು ಬೆರೆಸುವ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು:

“ಒಂದೇ ಒಂದು ಲೋಟ ಕಾಫಿ ಮಾಡಿಕೊಟ್ಟು ಮುಂದಿನ ಬಸ್ಸಿಗೆ ಹೋಗ್ತೀಯಾ?”

ಅವಳು ಫೈಲನ್ನು ಎದೆಗವಚಿಕೊಂಡಳು. ದನಿ ಏರಿಸಲಿಲ್ಲ. ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ, ಗಂಟಲಿನ ಆ ಏರಿಳಿತದ ಸಮೇತ, ಅತಿಥಿಗಲ್ಲ, ನನಗೆ ಹೇಳಿದಳು:

“ಹೆತ್ ಕೊಮ್ತ್ ಮೆ ನೀತ್ ಔಯ್ತ್.”

ಹೇಳಿ ಮೆಟ್ಟಿಲಿಳಿದಳು.

ಅತಿಥಿ ಬೆಚ್ಚಿಬಿದ್ದು, ಆಮೇಲೆ ಮನೆಯ ಹಂಚು ಹಾರುವಂತೆ ನಕ್ಕರು. ನಗು ನಿಂತ ಮೇಲೆ ಆಕೆ ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಿದರು. ನಾನು ಒಂದೊಂದಾಗಿ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಗಡಿಯಾರ ನೋಡಿ, ಬಾಗಿಲಲ್ಲಿ ಮತ್ತೆ ಬಗ್ಗಿ, ಗೇಟಿನತ್ತ ಓಡಿ, ಬೀದಿಯ ತಿರುವು ಮುಟ್ಟಿದ್ದ ಹೆಂಡತಿಯನ್ನು ಕೂಗಿ ಹಿಂದಕ್ಕೆ ಕರೆದರು. ಕಾರು ಸುಮ್ಮನೆ ನಿಂತಿದೆ, ತಾನು ಇಲ್ಲೇ ಕೂರುವವನು, ಆಕೆಯನ್ನು ಚನ್ನರಾಯಪಟ್ಟಣಕ್ಕೆ ಬಿಟ್ಟು ಬರಲಿ ಎಂದು ನನ್ನಿಂದ ಡ್ರೈವರಿಗೆ ಹೇಳಿಸಿದರು. “ದಾತ್ ಕೊಮ್ತ್ ಖೂತ್ ಔಯ್ತ್” ಎಂದು ಹೆಂಡತಿಗೆ ಕಾರಿನ ಬಾಗಿಲು ತೆಗೆದರು. ಇದರಿಂದ ಎಲ್ಲರಿಗೂ ಅನುಕೂಲವೇ ಆಯಿತಲ್ಲ, ಎಂದು ಅದರ ಅರ್ಥ. ಅದು ಕ್ಯಾಸೆಟ್ಟಿನ ಕೊನೆಯ ವಾಕ್ಯ. ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ದಿನಾ ಕ್ಯಾಸೆಟ್ಟು ಅಲ್ಲಿಗೆ ಬರುವಷ್ಟರಲ್ಲಿ ನಾನು ತಡವಾಯಿತೆಂದು ಕಾರ್ಖಾನೆಗೆ ಓಡಿರುತ್ತಿದ್ದೆ. ಹೆಂಡತಿ ಹಿಂದೆ ಮುಂದೆ ನೋಡದೆ ಹತ್ತಿ ಕೂತಳು. ನಾನಾಗಿದ್ದರೆ, ಬೇಡಿ, ನಿಮಗ್ಯಾಕೆ ತೊಂದರೆ, ಬಸ್ಸಿದೆ ಎಂದು ಬಸ್ಸು ಹೋಗುವವರೆಗೂ ಉಪಚಾರ ಹೇಳುತ್ತಿದ್ದೆ.

ಹತ್ತು ಗಂಟೆಗೆ ಗೇಟಿನಾಚೆ ಸ್ಕೂಟರ್ ನಿಂತಿತು. ಮಾಲೀಕರು. ಸೊಪ್ಪು ಕಂಡವರೇ ಅಲ್ಲೇ ಕೈಮುಗಿದು, ಒಂದು ಹೆಜ್ಜೆ ಹಿಂದೆ ಸರಿದು ಕೂಗಿದರು.

“ಮೇಷ್ಟ್ರೇ! ನಮ್ ಕಾರು ಚನ್ರಾಯ್‌ಪಟ್ಣದ್ ರೋಡ್ನಾಗೆ ಓಯ್ತಾ ಐತೆ, ಒಳ್ಗೆ ಯಾರೋ ಎಣ್ಮಗ್ಳು ಕೂತವ್ರೆ, ಸಾಹೇಬ ಇಲ್ಲ! ಎಲ್ಲೋದ ಅವ್ನು?”

“ಇಲ್ಲೇ ಇದ್ದಾರೆ ಸಾರ್.”

“ಅಮ್ಮ ಇರೋ ಮನ್ಯೊಳ್ಗಾ?”

ಅತಿಥಿ ಕಿಟಕಿಯಿಂದ ಕೈಬೀಸಿದರು. ಅವರ ಇನ್ನೊಂದು ಕೈಯಲ್ಲಿ ಬೇವಿನ ಎಲೆಯ ಗೊಂಚಲಿತ್ತು. ತುರಿಕೆ ಎಂದಾಗ ಉಗುರು ತಾಗಿಸದೆ ಅದರಿಂದ ಹಗುರಾಗಿ ಸವರಬೇಕೆಂದು ಮಗಳು ಅವರಿಗೆ ಕನ್ನಡದಲ್ಲೇ ಹೇಳಿಕೊಟ್ಟಿದ್ದಳು.

ಕಾರಿನಲ್ಲಿದ್ದದ್ದು ನನ್ನ ಹೆಂಡತಿ, ಅವಳಿಗೆ ಇವತ್ತು ಸಂದರ್ಶನ, ಎಂದು ನಾನು ಒಪ್ಪಿಸಿದೆ. ಮಾಲೀಕರು ಹಣೆಗೆ ಕೈ ಹಚ್ಚಿಕೊಂಡರು.

“ಅಮ್ಮ ಬಂದವ್ಳೆ ಅಂತ ನಂಗೊಂದ್ ಮಾತು ಯೋಳ್ಬಾರ್ದಾ? ಇಂತಾ ಮನೆಯಿಂದ ನೀವು ಪ್ಯಾಕ್ಟ್ರಿಗೆ ಬರೋಂಗೇ ಇಲ್ಲ ಕಣ್ರೀ! ಮೂರ್ ನೀರು ಆಗಾಗಂಟ ಮನ್ಯಾಗಿರಿ ಅಂತ ನಾನೇ ಅಟ್ತಿದ್ದೆ. ಎಂ.ಎ. ಓದವ್ರೆ ಅಂತ ಇಟ್ಕಂಡೆ, ಬಾಯೇ ಇಲ್ವಲ್ರೀ ನಿಮ್ಗೆ!” ಹೋಗುವಾಗ ತಿರುಗಿ, ಸೊಪ್ಪಿಗೆ ಇನ್ನೊಮ್ಮೆ ಕೈಮುಗಿದು, “ತಾಯಮ್ಮನಿಗೆ ಕೆಲ್ಸ ಸಿಗ್ಲಿ ಬುಡಿ,” ಎಂದರು. ಅದು ಮಗುವಿನ ಮೈಮೇಲಿದ್ದ ಅಮ್ಮನಿಗೆ ಇಟ್ಟ ಮೊರೆಯೋ, ನನ್ನ ಹೆಂಡತಿಗೆ ಹೇಳಿದ ಹಾರೈಕೆಯೋ, ಬಹುಶಃ ಎರಡೂ.

ಮಧ್ಯಾಹ್ನ ಅತಿಥಿಗೆ ಬಡಿಸಲು ನಮ್ಮಲ್ಲಿದ್ದದ್ದು ಒಗ್ಗರಣೆಯಿಲ್ಲದ, ಮೆಣಸಿನಕಾಯಿ ಕಾಣದ ಸಪ್ಪೆ ಮೊಸರನ್ನ. ನಾಚಿಕೆಯಿಂದ ತಟ್ಟೆ ಮುಂದಿಟ್ಟೆ. ಅವರು ಎರಡನೆಯ ಸಲ ಹಾಕಿಸಿಕೊಂಡು ಉಂಡರು. ಹಾಸನಕ್ಕೆ ಬಂದ ಮೇಲೆ ಕಣ್ಣಲ್ಲಿ ನೀರು ಬರದೆ ಮುಗಿದ ಮೊದಲ ಊಟ ಇದು, ನಿಮ್ಮ ಮನೆಯಲ್ಲಿ ಎಷ್ಟು ರುಚಿಯಾಗಿ ಅಡುಗೆ ಮಾಡುತ್ತಾರೆ ಎಂದರು.

ಹೆಂಡತಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸಂದರ್ಶನಕ್ಕೆ ಬಂದವರಲ್ಲೆಲ್ಲ ಮೊದಲು ತಲುಪಿದವಳು ಇವಳೇ. ಹನ್ನೊಂದಕ್ಕೆ ಎಂದಿದ್ದದ್ದು ಶುರುವಾದದ್ದು ಮೂರು ಗಂಟೆಗೆ. ಕಮಿಟಿಯ ಅಧ್ಯಕ್ಷರು ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದರಂತೆ. “ನಿಮ್ಮ ರಾಹು ಅಲ್ಲಿಗೂ ಬಂದಿದ್ದ,” ಎಂದಳು. ಅಷ್ಟು ಹೊತ್ತು ಕಾದು ಕೂರಲಾರದೆ ಇಬ್ಬರು ಎದ್ದುಹೋದರಂತೆ. ಇವಳು ಕೂತಿದ್ದಳು. ನನ್ನ ಜೊತೆ ಬಾಳಿದವಳಿಗೆ ಕಾಯುವುದೇನು ಹೊಸದೆ? ತಿಂಗಳೆರಡು ಕಳೆದು ಆದೇಶ ಬಂತು. ಕೆಲಸ ಅವಳಿಗೇ ಆಗಿತ್ತು.

ಗುಳ್ಳೆ ಒಣಗಿ, ಮಗುವಿಗೆ ಬೇವಿನ ಸೊಪ್ಪಿನ ಮೂರನೆಯ ನೀರು ಹಾಕಿದ ದಿನ ಹೆಂಡತಿ ಸೊಪ್ಪು ಬಿಚ್ಚಲು ಹೋದಳು. ಇನ್ನೊಂದು ವಾರ ಇರಲಿ ಎಂದು ನಾನು ಬೇಡಿಕೊಂಡೆ. ಬಾಯಿಬಿಟ್ಟು ಹೇಳದೆಯೇ ಅನುಕೂಲವಿಲ್ಲ ಎನ್ನುವ ಅಂಥ ಸಲಕರಣೆಯನ್ನು ಕೈಯಾರೆ ತೆಗೆಯಲು ಮನಸ್ಸಾಗಲಿಲ್ಲ. ಅವಳು ಕೇಳಲಿಲ್ಲ. ಸಂಜೆಗೇ ದೊಡ್ಡಪ್ಪನ ಮಗನ ಸೈಕಲ್ ಬೆಲ್ಲು ಕೇಳಿಸಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತಿಥಿ ಇನ್ನೊಮ್ಮೆ ಹಾಸನಕ್ಕೆ ಬಂದರು. ತಲೆ ಬೆಳ್ಳಗಾಗಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಬಳಿ ನಿಂತು, ಮೊದಲು ಬಾಗಿಲ ಮೇಲ್ಗಡೆ ನೋಡಿದರು. ಸೊಪ್ಪು ಇರಲಿಲ್ಲ. ಆದರೂ ಅಲ್ಲಿಂದಲೇ ಕೂಗಿ ಕೇಳಿದರು: “ಕೊಮ್ತ್ ಹೆತ್ ಔಯ್ತ್?”

ನಾನು ಪಂಚೆ ಸರಿಪಡಿಸಿಕೊಂಡು, ಬನ್ನಿ ಬನ್ನಿ, ಸರಿಯಾದ ಹೊತ್ತಿಗೇ ಬಂದಿರಿ ಎನ್ನಲು ಬಾಯಿ ತೆರೆದೆ. ಒಳಗೆ ನೆಲದ ಮೇಲೆ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದ ಹೆಂಡತಿ, ಕೆಂಪು ಪೆನ್ನು ಎತ್ತದೆ ಹೇಳಿದಳು:

“ಹತ್ತು ನಿಮಿಷ ಅನ್ನಿ.”

ಹೇಳಿದೆ. ಅತಿಥಿ ಖುಷಿಯಾಗಿ ತಲೆಯಾಡಿಸಿ, ಗಡಿಯಾರ ನೋಡಿಕೊಂಡು, ಹೊರಗಿನ ಮೆಟ್ಟಿಲ ಮೇಲೆ ಉದ್ದದ ಕಾಲು ಚಾಚಿ ಕೂತರು. ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು. ಹೆಂಡತಿ ಒಳಗೆ ಒಂದೊಂದೇ ಪತ್ರಿಕೆ ತಿರುವುತ್ತಿದ್ದಳು. ಇಬ್ಬರ ನಡುವೆ ಹೊಸ್ತಿಲ ಮೇಲೆ ನಾನು, ಅವರಿಗೆ ಕುರ್ಚಿ ಕೊಡಲೇ, ಇವಳಿಗೆ ಬೇಗ ಮುಗಿಸು ಎನ್ನಲೇ, ಎದುರುಮನೆಯ ಅಜ್ಜಿ ನೋಡಿದರೆ ಏನಂದುಕೊಂಡಾರು ಎಂದು, ಆ ಹತ್ತು ನಿಮಿಷವನ್ನೂ ಒಬ್ಬನೇ ಪೂರ್ತಿ ಅನುಭವಿಸಿದೆ.